ಹೆತ್ತವಳು ಕೊರೆಯುವ ಕಲ್ಲು

ಮೆಲ್ದೆ ಒಣಮೀನು ಅಗಿಯುತ್ತ ಅಗಿಯುತ್ತಲೇ ನಿದ್ದೆ ಹೋದಳು. ಬೆನ್ನು ಗೋಡೆಗೆ ಒರಗಿತ್ತು, ಕಾಲು ಒಲೆಯ ಕಡೆಗೆ ಚಾಚಿತ್ತು, ತೊಗಲಂಗಿಯ ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಹೊತ್ತು ಮುಳುಗಲು ಇನ್ನೂ ಎಷ್ಟೋ ಸಮಯವಿತ್ತು. ಅತ್ತೆ ಔದ್ರೆ ಎದ್ದು ಬಂದು, ಸೊಸೆಯ ಬಾಯಿಗೆ ಬೆರಳು ಹಾಕಿ ಮೀನಿನ ಚೂರನ್ನು ತೆಗೆದು ನಾಯಿಗೆ ಎಸೆದಳು. ಗಂಟಲಿಗೆ ಸಿಕ್ಕಿಕೊಂಡೀತು ಎಂಬ ಭಯ. ಮೆಲ್ದೆಗೆ ಎಚ್ಚರವಾಗಲಿಲ್ಲ.

ಅವಳ ಅಂಗೈ ಮೇಲ್ಮುಖವಾಗಿ ಬಿದ್ದಿತ್ತು. ದೋಣಿಯ ಹುಟ್ಟು ಹಿಡಿದು ಹಿಡಿದು ಬೊಕ್ಕೆ ಎದ್ದು, ಒಡೆದು, ಒಡೆದದ್ದರ ಮೇಲೆ ಮತ್ತೆ ಎದ್ದು, ಅದು ಇಪ್ಪತ್ತನಾಲ್ಕರ ಹುಡುಗಿಯ ಕೈ ಎಂದರೆ ಯಾರೂ ನಂಬುವಂತಿರಲಿಲ್ಲ. ಔದ್ರೆ ಮಣ್ಣಿನ ಬಟ್ಟಲಿನಿಂದ ಸೀಲ್ ಕೊಬ್ಬು ತೆಗೆದು ಆ ಬಿರುಕುಗಳಿಗೆ ಸವರಿದಳು. ಸವರುವಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಗಾಯ ಮಾಡಿದವಳೇ ಮದ್ದು ಹಚ್ಚುತ್ತ ಕೂತಿದ್ದಾಳೆ, ನೋಡಿದವರು ಏನೆಂದಾರು? ಆದರೆ ನೋಡುವವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಔದ್ರೆ ಎರಡು ವರ್ಷದಿಂದ ನಂಬಿಕೊಂಡಿದ್ದಳು.

ಮೂರು ವರ್ಷದ ಹಿಂದೆ, ಹಿಮ ಸಡಿಲವಾಗುವ ಕಾಲದಲ್ಲಿ, ಅವಳ ಒಬ್ಬನೇ ಮಗ ವಿಲ್ನಿ ಸೀಲ್ ಬೇಟೆಗೆ ಹೋದ. ದೋಣಿ ತಿರುಗಿ ಬಂತು, ದೋಣಿಯಲ್ಲಿದ್ದ ಉಳಿದ ಆರು ಜನ ಬಂದರು, ವಿಲ್ನಿ ಬರಲಿಲ್ಲ. ಅವನ ಹೆಣವೂ ಬರಲಿಲ್ಲ. ಹೆಣ ಬಂದಿದ್ದರೆ ಮಾತು ಬೇರೆ. ಹೆಣವಿಲ್ಲದೆ ಹೋದವನ ಬಗ್ಗೆ ಆ ಮರಳುದಿಬ್ಬದ ಜನ ‘ಸತ್ತ’ ಎಂಬ ಮಾತನ್ನು ಬಾಯಿಗೆ ತರುವುದಿಲ್ಲ. ಆ ಮಾತು ಹೆತ್ತವಳಿಗೆ ಸೇರಿದ್ದು. ಅವಳೂ ಅದನ್ನು ಬಾಯಲ್ಲಿ ಹೇಳುವುದಿಲ್ಲ, ಕಲ್ಲಿನಲ್ಲಿ ಹೇಳುತ್ತಾಳೆ.

ಬಿರುಗಾಳಿಯ ಮಾರನೆಯ ದಿನ ಕಡಲು ದಂಡೆಗೆ ತಂದು ಹಾಕುವ ಅಂಬರ್, ಮರದ ಅಂಟು ಗಟ್ಟಿಯಾಗಿ ಕಲ್ಲಾದದ್ದು, ಅವರಿಗೆ ಜೇನುಕಲ್ಲು. ಮಗ ಹೋಗಿ ವರ್ಷ ತುಂಬಿದ ಮೇಲೆ ತಾಯಿ ತಾನೇ ದಂಡೆಗೆ ಹೋಗಿ ಒಂದು ಜೇನುಕಲ್ಲು ಆರಿಸಿ ತರಬೇಕು. ಹೆಬ್ಬೆರಳುದ್ದದ ಗಂಡಾಳಿನ ಗೊಂಬೆ ಕೆತ್ತಬೇಕು. ದೋಣಿಗಳು ಬೇಟೆಗೆ ಹೊರಡುವ ದಿನ ಬೆಳಗ್ಗೆ ಊರಿನ ಎದುರು ಕೂತು ಅದರ ಎದೆಯಲ್ಲಿ ಆಚೆಯಿಂದ ಈಚೆಗೆ ತೂತು ಕೊರೆಯಬೇಕು. ಕಲ್ಲು ಇಡಿಯಾಗಿ ಉಳಿದರೆ ಅವನು ಹೋದದ್ದು ನಿಜ. ಗೊಂಬೆಗೆ ದಾರ ಕಟ್ಟಿ, ಹೆಣವೆಂದೇ ತಿಳಿದು ದಿಬ್ಬದ ಮೇಲೆ ಮಣ್ಣು ಮಾಡುತ್ತಾರೆ. ಕಲ್ಲು ಸೀಳಿದರೆ ಅವನು ಹೋಗಲು ಇನ್ನೂ ಒಪ್ಪಿಲ್ಲ. ಮತ್ತೊಂದು ವರ್ಷ ಕಾಯಬೇಕು.

ಕಾಯುವುದೇನು, ಕಡ್ಡಿ ಎತ್ತಿಡುವ ಕೆಲಸವಲ್ಲ. ಅಲ್ಲಿಯವರೆಗೂ ದೋಣಿಯಲ್ಲಿ ಅವನ ಜಾಗ ಅವನದೇ. ಅವನ ಪಾಲಿನ ಮಾಂಸ, ಕೊಬ್ಬು, ತೊಗಲು ಮನೆಗೆ ಬರುತ್ತದೆ. ಅವನ ಪಾಲಿನ ಹುಟ್ಟನ್ನೂ ಅವನ ಮನೆಯವರೇ ಹಾಕಬೇಕು. ವಿಲ್ನಿಯ ಮನೆಯಲ್ಲಿ ಇದ್ದವರು ಇಬ್ಬರು, ತಾಯಿ ಮತ್ತು ಹೆಂಡತಿ. ಮೆಲ್ದೆ ಏನೂ ಹೇಳದೆ ಗಂಡನ ತೊಗಲಂಗಿ ತೊಟ್ಟು ದೋಣಿ ಹತ್ತಿದಳು. ಹಿನ್ನೀರಿನಲ್ಲಿ ಬಲೆ ಬಿಡುವುದಕ್ಕೂ ಅವಳೇ, ಹೊರಗಡಲಿನ ಬೇಟೆಗೂ ಅವಳೇ. ಮನೆಗೆ ಬಂದರೆ ಮೀನು ಸೀಳುವುದು, ಒಣಗಿಸುವುದು, ತೊಗಲು ಹೆರೆಯುವುದು, ನೀರು ತರುವುದು. ಹೆಂಗಸಿನ ಕೆಲಸವನ್ನು ಯಾರೂ ಅವಳಿಂದ ಇಳಿಸಲಿಲ್ಲ.

ಇಂಥ ಪದ್ಧತಿಯನ್ನು ಯಾರು ಮಾಡಿದರೋ, ಪಾಪ, ಹೆತ್ತವಳನ್ನು ನಂಬಿ ಮಾಡಿದ್ದರು. ಕೊರೆಯುವವಳಿಗೆ ಕಲ್ಲು ಉಳಿಸುವುದು ಗೊತ್ತಿದ್ದರೆ ಸೀಳುವುದೂ ಗೊತ್ತಿರುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಊರಿಗೂ ಹೊಳೆಯಲಿಲ್ಲ, ಏಕೆಂದರೆ ಜೇನುಕಲ್ಲು ಕೊರೆಯುವುದರಲ್ಲಿ ಔದ್ರೆ ಎತ್ತಿದ ಕೈ. ಅಂಗಿಯ ಗುಂಡಿಗೆ ಹಿಂಬದಿಯಿಂದ ಓರೆಯಾಗಿ ಎರಡು ತೂತು ಕೊರೆದು, ಅವೆರಡೂ ಒಳಗೇ ಸೇರುವಂತೆ, ಮುಂಬದಿಗೆ ಚುಕ್ಕೆಯೂ ಕಾಣದಂತೆ ಮಾಡುವವರು ಆ ದಂಡೆಯಲ್ಲಿ ಅವಳಷ್ಟು ಯಾರೂ ಇರಲಿಲ್ಲ. ದಕ್ಷಿಣದಿಂದ ಚಕಮಕಿ ಕಲ್ಲು ಹೊತ್ತು ತರುವವರು ‘ಆ ಮುದುಕಿಯ ಗುಂಡಿ ಇದೆಯಾ’ ಎಂದೇ ಕೇಳುತ್ತಿದ್ದರು. ಅಂಥವಳ ಕೈಯಲ್ಲಿ ಕಲ್ಲು ಸೀಳಿತು ಎಂದರೆ ಅದು ವಿಲ್ನಿಯ ಇಷ್ಟವೇ ಇರಬೇಕು ಎಂದು ಜನ ಎರಡು ಸಲವೂ ತಲೆಯಾಡಿಸಿ ಹೋದರು.

ಸೀಳುವುದಕ್ಕೆ ಹೆಚ್ಚೇನೂ ಮಾಡಬೇಕಾಗಿರಲಿಲ್ಲ. ಬೈರಿಗೆ ತಿರುಗಿದಂತೆ ಕಲ್ಲು ಬಿಸಿಯಾಗುತ್ತದೆ. ಬಿಸಿಯಾದಾಗ ನಿಲ್ಲಿಸಿ, ಪುಡಿ ತೆಗೆದು, ಉಗುರುಬೆಚ್ಚಗಿನ ನೀರು ಬಿಡಬೇಕು. ನಿಲ್ಲಿಸದಿದ್ದರೆ ಮುಗಿಯಿತು. ಮೊದಲನೆಯ ವರ್ಷ ಅವಳ ಕೈ ನಿಲ್ಲಲಿಲ್ಲ. ಬೇಕೆಂದೇ ಮಾಡಿದೆನೋ, ದುಃಖದಲ್ಲಿ ಮರೆತೆನೋ ಎಂದು ಅವಳಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಎರಡನೆಯ ವರ್ಷ ಗೊತ್ತಿದ್ದೇ ನಿಲ್ಲಿಸಲಿಲ್ಲ. ಕಲ್ಲು ಟಕ್ ಎಂದಾಗ ಅವಳ ಹೊಟ್ಟೆಯೊಳಗೆ ತಂಪಾಯಿತು. ಇನ್ನೊಂದು ವರ್ಷ ಮಗ ಸಾಯುವುದಿಲ್ಲ ಎಂದುಕೊಂಡಳು.

ಬಾಗಿಲ ತೊಗಲು ಸರಿಯಿತು. ದೋಣಿಯ ಯಜಮಾನ ಸ್ಕೌದ ಬಗ್ಗಿ ಒಳಗೆ ಬಂದ. ಔದ್ರೆಯ ಗಂಡನಿಗೆ ವರಸೆಯಲ್ಲಿ ತಮ್ಮ. ಗಡ್ಡದಲ್ಲಿ ಮೀನಿನ ಪೊರೆ ಅಂಟಿಕೊಂಡಿತ್ತು. ಮೆಲ್ದೆಯನ್ನು ನೋಡಿ ದನಿ ತಗ್ಗಿಸಿದ.

“ಮಲಗಿದ್ದಾಳಾ?”

“ಕೂತಿದ್ಲು. ಕೂತಲ್ಲೇ ಹೋದ್ಲು.”

“ದೋಣೀಲೂ ಇವತ್ತು ಹಿಂಗೇ ಆಯ್ತು ಅತ್ತಿಗೆ. ಹುಟ್ಟು ಹಾಕ್ತಾ ಹಾಕ್ತಾ ತೂಕಡಿಸಿ ಮುಂದಕ್ಕೆ ಮುಗ್ಗರಿಸಿದ್ಲು. ಹುಟ್ಟು ನೀರಿಗೆ ಬಿತ್ತು. ಹಿಂದಿದ್ದವನು ಅಂಗಿ ಹಿಡ್ಕೊಂಡ, ಇಲ್ದಿದ್ರೆ ಅವಳೂ ಬೀಳ್ತಿದ್ಲು.”

“ಹಿನ್ನೀರಲ್ವಾ. ಸೊಂಟದಷ್ಟು ನೀರು.”

“ಇವತ್ತು ಹಿನ್ನೀರು. ನಾಳಿದ್ದು ಹೊರಗಡಲು, ಹಿಮದ ಪಕ್ಕ. ಅಲ್ಲಿ ತೂಕಡಿಸಿದ್ರೆ ನಮ್ಮ ಕೈಗೆ ಸಿಗಲ್ಲ.”

ಔದ್ರೆ ಒಲೆಗೆ ಒಂದು ಸೌದೆ ನೂಕಿದಳು. “ಹಾಗಾದ್ರೆ ಅವಳನ್ನ ಬಿಟ್ಟು ಹೋಗು.”

“ಬಿಡೋಕೆ ನಂದೇನಿದೆ? ವಿಲ್ನಿ ಜಾಗ ಅದು. ಅವನ ಮನೆಯವರು ಕೂರ್ಲಿಲ್ಲ ಅಂದ್ರೆ ಒಬ್ಬನೂ ದೋಣಿ ಹತ್ತಲ್ಲ. ಜನ ಹೆಂಗೆ ಅಂತ ನಿಮಗೆ ಗೊತ್ತಿಲ್ವಾ.” ಅವನು ಒಲೆಯ ಮುಂದೆ ಕುಕ್ಕರಿಸಿದ. “ನಾಳಿದ್ದು ಬೆಳಗ್ಗೆ ಕೊರೀತೀರಲ್ಲ.”

“ಹೂಂ.”

ಅವನು ಸೊಂಟದ ಚೀಲ ಬಿಚ್ಚಿ ಎರಡು ಚಕಮಕಿ ಮೊನೆ ತೆಗೆದು ಒಲೆಯ ಪಕ್ಕ ಇಟ್ಟ. ಹೊಸವು, ಕಂದು ಬಣ್ಣದವು, ಅಂಚಿನಲ್ಲಿ ಬೆಳಕು ಹಾಯುವಂಥವು. “ಈಟಿಗೆ ಅಂತ ಇಟ್ಕೊಂಡಿದ್ದೆ. ಹಳೇ ಮೊನೆ ಮೊಂಡಾಗಿರುತ್ತೆ, ಕಲ್ಲು ಬಿಸಿ ಆಗುತ್ತೆ. ಈ ಸಲ ಇದನ್ನ ಹಾಕಿ ಅತ್ತಿಗೆ.”

ಔದ್ರೆ ಅವನ ಮುಖ ನೋಡಿದಳು. ಅವನು ಆಗಲೇ ಎದ್ದು ಬಾಗಿಲ ಕಡೆ ತಿರುಗಿದ್ದ. ಮಗನನ್ನು ಕೊಂಡೊಯ್ದ ದೋಣಿಯ ಯಜಮಾನ ಇವನೇ ಎಂದು ಅವಳು ಮೂರು ವರ್ಷ ಇವನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಅವತ್ತು ಏನಾಯಿತು ಎಂದೂ ಕೇಳಿರಲಿಲ್ಲ. ಕೇಳಿದರೆ ಅವನು ಹೇಳಿಬಿಡುತ್ತಾನಲ್ಲ.

ಮಾರನೆಯ ದಿನವೆಲ್ಲ ಅವಳು ಗೊಂಬೆಯ ಕೆಲಸ ಮಾಡಿದಳು. ಶರತ್ಕಾಲದ ಗಾಳಿಯಲ್ಲಿ ಸಿಕ್ಕ ಕಲ್ಲು, ಕೈಯಲ್ಲಿ ಹಿಡಿದರೆ ಬೆಚ್ಚಗಿತ್ತು. ಕಾಲು, ಸೊಂಟ, ಭುಜ ಬಂದವು. ಮುಖ ಕೆತ್ತುವುದಿಲ್ಲ, ಅದು ಪದ್ಧತಿಯಲ್ಲ. ಮೂಗಿನ ಜಾಗದಲ್ಲಿ ಒಂದು ಗೀರು ಸಾಕು. ಮರಳಿನಲ್ಲಿ ಉಜ್ಜಿದಳು, ತೊಗಲಿನಲ್ಲಿ ಉಜ್ಜಿದಳು. ಮೆಲ್ದೆ ಒಂದೆರಡು ಸಲ ಹಾದುಹೋದಳು, ಗೊಂಬೆಯ ಕಡೆ ನೋಡಲಿಲ್ಲ. ಹೆಂಡತಿ ಅದನ್ನು ಮುಟ್ಟುವಂತಿಲ್ಲ. ಮುಟ್ಟುವಂತಿದ್ದರೂ ಮುಟ್ಟುತ್ತಿರಲಿಲ್ಲವೇನೋ, ಅಷ್ಟು ದಣಿದಿದ್ದಳು.

“ಅತ್ತೆ, ಹಾವುಮೀನು ಸುಟ್ಟಿಟ್ಟಿದ್ದೀನಿ. ತಿನ್ನಿ.”

“ನೀನು ತಿಂದ್ಯಾ?”

“ತಿಂದೆ ಅನ್ಸುತ್ತೆ.”

ಆ ಮಾತಿಗೆ ಔದ್ರೆಯ ಕೈ ನಿಂತಿತು. ತಿಂದದ್ದೋ ಇಲ್ಲವೋ ಗೊತ್ತಾಗದಷ್ಟು ಆಗಿದೆ ಇವಳಿಗೆ. ಮಗನನ್ನು ಬದುಕಿಸಿಕೊಳ್ಳಲು ಹೋಗಿ ಸೊಸೆಯನ್ನು ಕೊಲ್ಲುತ್ತಿದ್ದೇನೆ ಎಂದು ಅವಳು ಮೊದಲ ಸಲ ನೇರವಾಗಿ ಅಂದುಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಸರಿ, ಆದರೆ ಈ ಹುಡುಗಿಯನ್ನೂ ಯಾರೋ ಹೆತ್ತಿದ್ದಾರಲ್ಲ. ಈ ಸಲ ನೆಟ್ಟಗೆ ಕೊರೆಯುತ್ತೇನೆ. ಮೆಲ್ದೆಯನ್ನು ಬಿಡುಗಡೆ ಮಾಡುತ್ತೇನೆ. ಆಮೇಲೆ ಅವಳು ಬೇರೆ ಒಲೆಗೆ ಹೋಗಲಿ, ಮಕ್ಕಳನ್ನು ಹೆರಲಿ, ಏನು ಬೇಕಾದರೂ ಮಾಡಲಿ. ಹೀಗೆ ನಿರ್ಧಾರ ಮಾಡಿದ ಮೇಲೆ ಔದ್ರೆ ಎರಡು ಹಾವುಮೀನು ತಿಂದಳು.

ಬೇಟೆಯ ದಿನ ಬಿಸಿಲಿತ್ತು, ಬಿಸಿಲಿಗೆ ಕಾವಿರಲಿಲ್ಲ. ಜೊಂಡು ಹೊದಿಸಿದ ಕೆಲಸದ ಚಪ್ಪರದಲ್ಲಿ ನೆಲವೆಲ್ಲ ಜೇನುಕಲ್ಲಿನ ಸಿಪ್ಪೆ. ಊರು ಸುತ್ತ ನಿಂತಿತ್ತು. ಎದುರಿಗೇ ಬಂದು ಕೂತವಳು ಪಕ್ಕದ ಮನೆಯ ಮುದುಕಿ ಪೆಲೆ, ಬಾಯಿ ತುಂಬ ಮಾತು, ಬಾಯಲ್ಲಿ ಮೂರೇ ಹಲ್ಲು.

“ಮೂರನೇ ಸಲ ಔದ್ರೆ. ನಿನ್ನ ಮಗ ಹುಟ್ಟುವಾಗಲೂ ಮೂರು ದಿನ ಸತಾಯಿಸಿದ್ದ.”

“ಸುಮ್ನಿರೇ.”

“ಸುಮ್ನಿದ್ದೀನಿ. ನೀನು ಕೊರಿ.”

ಮೆಲ್ದೆ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದಳು. ತೊಗಲಂಗಿ ತೊಟ್ಟು ಸಿದ್ಧವಾಗಿದ್ದಳು, ಹುಟ್ಟು ಕೈಯಲ್ಲೇ ಇತ್ತು. ಕೆಳಗೆ ದಂಡೆಯಲ್ಲಿ ಸ್ಕೌದ ಮತ್ತು ಐವರು ಗಂಡಸರು ದೋಣಿಗೆ ಹಗ್ಗ, ಈಟಿ, ನೀರಿನ ಚೀಲ ತುಂಬುತ್ತಿದ್ದವರು ಕೆಲಸ ಬಿಟ್ಟು ಮೇಲೆ ಬಂದರು.

ಔದ್ರೆ ಗೊಂಬೆಯನ್ನು ನಡುವೆ ಸೀಳಿದ ಮರದ ತುಂಡಿನಲ್ಲಿ ಸಿಕ್ಕಿಸಿ ಪಾದಗಳಿಂದ ಅದುಮಿ ಹಿಡಿದಳು. ಸ್ಕೌದನ ಹೊಸ ಮೊನೆಯನ್ನು ಬೈರಿಗೆಯ ತುದಿಗೆ ಕಟ್ಟಿದ್ದಳು. ಬೈರಿಗೆ ತಿರುಗಿಸುವ ಬಿಲ್ಲಿನ ಹುರಿಯನ್ನು ಅದಕ್ಕೆ ಒಂದು ಸುತ್ತು ಹಾಕಿ ಎಳೆದಳು, ತಳ್ಳಿದಳು. ಇಪ್ಪತ್ತು ಎಳೆತಕ್ಕೆ ನಿಲ್ಲಿಸಿ, ಊದಿ ಪುಡಿ ತೆಗೆದು, ಬೆಚ್ಚನೆಯ ನೀರು ಬಿಟ್ಟಳು. ಮತ್ತೆ ಇಪ್ಪತ್ತು. ಮರದ ಅಂಟಿನ ವಾಸನೆ ಎದ್ದಿತು. ಮೊನೆ ಚೆನ್ನಾಗಿತ್ತು, ಕಲ್ಲು ಎಲ್ಲಿಯೂ ಮುನಿಯಲಿಲ್ಲ. ಅರ್ಧಕ್ಕೆ ಬಂದಾಗ ಗೊಂಬೆಯನ್ನು ತಿರುಗಿಸಿ ಎದೆಯ ಕಡೆಯಿಂದ ಕೊರೆಯತೊಡಗಿದಳು. ಈಗ ಹದಿನೈದು ಎಳೆತಕ್ಕೇ ನಿಲ್ಲಿಸುತ್ತಿದ್ದಳು, ಆಮೇಲೆ ಹತ್ತಕ್ಕೆ. ಇಷ್ಟು ಜೋಪಾನವಾಗಿ ಅವಳು ತನ್ನ ಮದುವೆಯ ಮಣಿಯನ್ನೂ ಕೊರೆದಿರಲಿಲ್ಲ. ಎರಡು ತೂತು ಸೇರುವಾಗ ಕೈಗೆ ಒಂದು ಸಡಿಲ ಗೊತ್ತಾಗುತ್ತದೆ. ಆ ಸಡಿಲ ಬಂತು. ಬಂದ ಮರುಕ್ಷಣ ಟಕ್ ಎಂದಿತು.

ಗೊಂಬೆ ಭುಜದಿಂದ ಸೊಂಟದವರೆಗೆ ಸೀಳಿತ್ತು.

ಔದ್ರೆ ನೋಡುತ್ತ ಕೂತಳು. ಅವಳು ಒತ್ತಿರಲಿಲ್ಲ. ಬಿಸಿಯಾಗಲು ಬಿಟ್ಟಿರಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿದ್ದಳು, ಆದರೂ ಒಡೆದಿತ್ತು. ಹಾಗಾದರೆ? ಹಾಗಾದರೆ ಅವನು ನಿಜವಾಗಿಯೂ ಒಪ್ಪಿಲ್ಲವೇ? ಎಲ್ಲೋ ಯಾವುದೋ ದಂಡೆಯಲ್ಲಿ, ಯಾರದೋ ಒಲೆಯ ಮುಂದೆ ಇದ್ದಾನೆಯೇ? ಎರಡು ವರ್ಷ ಸುಳ್ಳಿನಿಂದ ಕಾಪಾಡಿಕೊಂಡು ಬಂದದ್ದನ್ನು ಈಗ ಕಲ್ಲು ತಾನೇ ನಿಜ ಎಂದು ಹೇಳುತ್ತಿದೆಯೇ? ಅವಳಿಗೆ ಸಂತೋಷ ಉಕ್ಕಿಬಂತು.

ತಲೆ ಎತ್ತಿದಾಗ ಮೆಲ್ದೆ ಕಂಡಳು. ಅವಳು ಅಳಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಬಗ್ಗಿ ಕಾಲಿನ ತೊಗಲಿಗೆ ಕಟ್ಟಿದ ಹುರಿಯನ್ನು ಬಿಗಿ ಮಾಡಿದಳು. ಹುಟ್ಟನ್ನು ಊರಿಕೊಂಡು ನೆಟ್ಟಗೆ ನಿಂತಳು. ಆಮೇಲೆ ದೋಣಿಯ ಕಡೆಗೆ ಇಳಿಯತೊಡಗಿದಳು. ಇಳಿಯುವಾಗ ಒಂದು ಸಲ ಮರಳಿನಲ್ಲಿ ಕಾಲು ಮಡಿಚಿ ಕೂತುಬಿಟ್ಟಳು, ಮತ್ತೆ ಎದ್ದಳು.

“ನಿಲ್ಲೇ ಮೆಲ್ದೆ,” ಎಂದಳು ಔದ್ರೆ. ದನಿ ಅವಳದೇ ಎಂದು ಅವಳಿಗೆ ಅನಿಸಲಿಲ್ಲ. “ಎಲ್ಲರೂ ಕೇಳಿ. ಹಿಂದಿನ ಎರಡು ಕಲ್ಲು ಒಡೆದದ್ದು ವಿಲ್ನಿ ಅಲ್ಲ, ನಾನು. ಬಿಸಿ ಆದ್ರೂ ನಿಲ್ಲಿಸ್ಲಿಲ್ಲ. ಬೇಕು ಅಂತಲೇ ಒಡೆದೆ.”

ಪೆಲೆ ಮುಂದಕ್ಕೆ ಬಾಗಿ ಗೊಂಬೆಯನ್ನು ನೋಡಿದಳು, ಆಮೇಲೆ ಔದ್ರೆಯನ್ನು.

“ಇದನ್ನ?”

“ಇದನ್ನ ಒಡೀಲಿಲ್ಲ. ಇದು ತಾನೇ ಹೋಯ್ತು.”

“ಹಾಗಾದ್ರೆ ಅವೆರಡೂ ಸುಳ್ಳು, ಇದೊಂದೇ ನಿಜ ಅಂತಾಯ್ತು. ನಿಜವಾದ ಕಲ್ಲೂ ಒಪ್ಪಿಲ್ಲ ಅಂತ ನೀನೇ ಹೇಳ್ದ ಹಾಗಾಯ್ತಲ್ಲೇ. ಬಾಯಿ ಬಿಟ್ಟು ಏನು ಉದ್ಧಾರ ಮಾಡ್ದೆ ನೀನು?”

ಅದು ಸರಿಯಾಗಿತ್ತು. ಔದ್ರೆಗೆ ಅಷ್ಟು ದೂರ ಯೋಚನೆ ಹೋಗಿರಲಿಲ್ಲ. ಜನ ಗುಸುಗುಸು ಶುರು ಮಾಡಿದರು. ಸೊಸೆಯನ್ನು ಉಳಿಸಲು ಹೀಗೆ ಹೇಳುತ್ತಿದ್ದಾಳೆ ಎಂದು ಒಬ್ಬರು, ಇವಳಿಗೆ ತಲೆ ಕೆಟ್ಟಿದೆ ಎಂದು ಇನ್ನೊಬ್ಬರು. ಆ ಕೈಗಳ ಮೇಲೆ ಅವರಿಗೆ ಅಷ್ಟು ನಂಬಿಕೆ.

ಪೆಲೆ ದನಿ ಇಳಿಸಿದಳು. “ನಮ್ಮಜ್ಜಿ ಹೇಳ್ತಿದ್ಲು. ಮುಂಚೆ ಕಲ್ಲು ಇರ್ಲಿಲ್ವಂತೆ, ಹೆತ್ತವಳು ಬಾಯಲ್ಲೇ ಹೇಳ್ತಿದ್ಲಂತೆ. ಹೇಳೋಕೆ ಯಾವಳ ಕೈಲೂ ಆಗ್ತಿರ್ಲಿಲ್ಲ, ಅದಕ್ಕೆ ಕಲ್ಲು ಬಂತು. ಈಗ್ಲೂ ಬಾಯಲ್ಲಿ ಹೇಳಿದ್ರೆ ಬೇಡ ಅನ್ನೋರು ಯಾರು? ಹೇಳು. ಒಂದು ಮಾತು. ಈ ಹುಡುಗಿ ಮನೆಗೆ ಹೋಗ್ತಾಳೆ.”

ಔದ್ರೆ ಬಾಯಿ ತೆರೆದಳು. ಮಗನ ಹೆಸರು ಬಂತು. ಮುಂದಿನದು ಬರಲಿಲ್ಲ. ಒಡೆದ ಗೊಂಬೆ ಕಾಲ ಬಳಿಯೇ ಇತ್ತು, ಅವನು ಇದ್ದಾನೆ ಎನ್ನುತ್ತಿತ್ತು. ಅದರ ಎದುರಿಗೆ ಅವನು ಇಲ್ಲ ಎಂದು ಹೇಗೆ ಹೇಳುವುದು? ಅವಳು ಇನ್ನೊಂದು ಸಲ ಪ್ರಯತ್ನ ಮಾಡಿದಳು. ನಾಲಿಗೆ ಹೊರಳಲಿಲ್ಲ. ಪೆಲೆ ಅವಳ ಮೊಣಕಾಲು ತಟ್ಟಿ, “ಹೋಗ್ಲಿ ಬಿಡು,” ಎಂದಳು.

ಹೋಗಲಿ ಎಂದರೆ ಹೋಗುವುದು ಮೆಲ್ದೆ. ಔದ್ರೆ ಎದ್ದು, ಸಿಪ್ಪೆ ತುಳಿದುಕೊಂಡು ದಿಬ್ಬ ಇಳಿದು, ಸೊಸೆಯ ಕೈಯಿಂದ ಹುಟ್ಟು ಕಿತ್ತುಕೊಂಡಳು.

“ಸ್ಕೌದ, ಅವನ ಹುಟ್ಟು ಅವನ ಮನೆಯವರು ಹಾಕ್ಬೇಕು ಅಂತ ತಾನೇ ಪದ್ಧತಿ? ಹೆಂಡತೀನೇ ಹಾಕ್ಬೇಕು ಅಂತ ಎಲ್ಲಿದೆ?”

ಸ್ಕೌದ ತಲೆ ಕೆರೆದುಕೊಂಡ. “ಹಾಗೇನಿಲ್ಲ. ಆದ್ರೆ ಅತ್ತಿಗೆ, ನಿಮ್ಮ ವಯಸ್ಸು...”

“ಅದನ್ನ ನೀನು ಲೆಕ್ಕ ಹಾಕ್ಬೇಡ.”

“ಅತ್ತೆ, ಬಿಡಿ,” ಎಂದಳು ಮೆಲ್ದೆ. “ನನಗೆ ಅಭ್ಯಾಸ ಆಗಿದೆ.”

“ಅಭ್ಯಾಸ ಆಗಿದೆ ಅಂತಲೇ ಬೇಡ ಅಂತಿರೋದು. ಅಂಗಿ ಬಿಚ್ಚಿ ಕೊಡು. ಹೋಗಿ ಮಲ್ಕೊ.”

ಮೆಲ್ದೆ ವಾದ ಮಾಡುವಳೆಂದು ಎಲ್ಲರೂ ಕಾದರು. ವಾದ ಮಾಡಲು ಅವಳಲ್ಲಿ ಏನೂ ಉಳಿದಿರಲಿಲ್ಲ. ಅಂಗಿ ಬಿಚ್ಚಿ ಕೊಟ್ಟು, ಅತ್ತೆಗೆ ತಾನೇ ಹುರಿ ಕಟ್ಟಿದಳು. ಪೆಲೆ ಬಂದು ಅವಳ ತೋಳು ಹಿಡಿದಳು.

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿಮ್ಮ ಮನೇಲಿ ಇಬ್ರಿಗೂ ಒಂದೇ ಕೆಟ್ಟ ಕಾಲ. ನಡಿ, ನಾನು ಬಾಗಿಲಲ್ಲಿ ಕೂತಿರ್ತೀನಿ, ಯಾರೂ ಎಬ್ಬಿಸಲ್ಲ.”

ದೋಣಿ ಹಿನ್ನೀರು ದಾಟುವಷ್ಟರಲ್ಲೇ ಔದ್ರೆಯ ಭುಜ ಹೋಯಿತು. ಇಡೀ ಜೀವನ ಬಿಲ್ಲು ಎಳೆದ ತೋಳು, ಗಟ್ಟಿ ಎಂದುಕೊಂಡಿದ್ದಳು. ಬಿಲ್ಲಿಗೆ ಮಣಿಕಟ್ಟು ಸಾಕು, ಹುಟ್ಟಿಗೆ ಬೆನ್ನು ಬೇಕು, ಸೊಂಟ ಬೇಕು, ಹಲ್ಲು ಕಚ್ಚುವುದಕ್ಕೆ ದವಡೆಯೂ ಬೇಕು. ಅಂಗೈ ಮೊದಲು ಉರಿಯಿತು, ಆಮೇಲೆ ಒದ್ದೆಯಾಯಿತು.

“ಅಜ್ಜಿ, ನೀವು ಸುಮ್ನೆ ನೀರಿಗೆ ಮುಟ್ಟಿಸಿ ಸಾಕು,” ಎಂದ ಹಿಂದೆ ಕೂತಿದ್ದ ಆಳು. “ಎಳೆಯೋದನ್ನ ನಾವು ಎಳೀತೀವಿ.”

“ಮೆಲ್ದೆಗೂ ಹಾಗೇ ಅಂತಿದ್ರಾ?”

“ಮೊದಲು ಅಂದ್ವಿ. ಅವಳು ಕೇಳ್ಬೇಕಲ್ಲ. ವಿಲ್ನಿ ಎಷ್ಟು ಎಳೀತಿದ್ನೋ ಅಷ್ಟೂ ಎಳೆದೇ ಸೈ ಅಂತ ಹಟ.”

ಔದ್ರೆ ಎಳೆಯುತ್ತ ಹೋದಳು. ದಣಿವು ಎಂದರೆ ಏನೆಂದು ತನಗೆ ಗೊತ್ತಿದೆ ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ಗೊತ್ತಿರಲಿಲ್ಲ.

ಮರಳುದಿಬ್ಬ ಮುಗಿಯುವಲ್ಲಿ ಹಿನ್ನೀರು ಕಡಲಿಗೆ ಸೇರುತ್ತದೆ. ಅಲ್ಲಿಂದಾಚೆ ಅವಳು ಎಂದೂ ಹೋಗಿರಲಿಲ್ಲ. ಬಲಗಡೆ ನೀರು ಹೆಪ್ಪುಗಟ್ಟಿದ ಹಿಮದ ಹಾಸು, ಬೂದುಬಣ್ಣದ್ದು, ಕಣ್ಣು ಹೋಗುವಷ್ಟು ದೂರ. ಹಿನ್ನೀರಿನ ಬಾಯಿಯ ಹತ್ತಿರ ಮಾತ್ರ ಅದು ಕಪ್ಪಗಿತ್ತು. ಒಳಗಿನಿಂದ ಹರಿದು ಬರುವ ನೀರು ಅಲ್ಲಿ ಹಿಮವನ್ನು ಅಡಿಯಿಂದ ತಿನ್ನುತ್ತಿತ್ತು. ಸಣ್ಣಗೆ ಗುಳುಗುಳು ಸದ್ದು ಕೇಳುತ್ತಿತ್ತು. ಸ್ಕೌದ ಅಲ್ಲಿಂದ ದೂರಕ್ಕೆ ದೋಣಿ ತಿರುಗಿಸಿದ. ಅಲ್ಲಿಯವರೆಗೆ ಏನೋ ತಮಾಷೆ ಮಾಡುತ್ತಿದ್ದ ಗಂಡಸರು ಒಟ್ಟಿಗೇ ಮಾತು ನಿಲ್ಲಿಸಿದರು.

“ಇಲ್ಲೇನಾ?” ಎಂದಳು ಔದ್ರೆ.

“ಅದನ್ನ ನಾನು ಹೇಳೋ ಹಾಗಿಲ್ಲ ಅತ್ತಿಗೆ.”

“ಆ ಮಾತು ಹೇಳ್ಬೇಡ. ಆಗಿದ್ದು ಏನು ಅಂತ ಹೇಳು.”

ಸ್ಕೌದ ಹುಟ್ಟು ಎತ್ತಿ ಹಿಡಿದ. ಎಲ್ಲರೂ ಎತ್ತಿ ಹಿಡಿದರು. ದೋಣಿ ತನ್ನಷ್ಟಕ್ಕೆ ತೇಲಿತು.

“ಸೀಲ್‌ಗೆ ಈಟಿ ಬಿದ್ದಿತ್ತು. ಒಳ್ಳೆ ಪೆಟ್ಟು. ವಿಲ್ನಿ ಹಿಮದ ಮೇಲೆ ನಿಂತು ಈಟಿ ಹಗ್ಗಾನ ಮಣಿಕಟ್ಟಿಗೆ ಸುತ್ಕೊಂಡಿದ್ದ, ಬೇಡ ಅಂತ ಎಷ್ಟು ಸಲ ಹೇಳಿದ್ದೆ. ಅದು ನೀರಿಗೆ ಇಳೀತು, ಇವನನ್ನ ಆ ಕಪ್ಪು ಹಿಮದ ಮೇಲೆ ಎಳ್ಕೊಂಡು ಬಂತು. ಹಿಮ ತಡೀಲಿಲ್ಲ. ನಾನು ಹೊಟ್ಟೆ ಮೇಲೆ ಮಲಗಿ ತೆವಳಿಕೊಂಡು ಹೋದೆ. ಅವನು ಕೆಳಗೆ ಕಾಣ್ತಿದ್ದ ಅತ್ತಿಗೆ. ಹಿಮ ಅಲ್ಲಿ ತೆಳ್ಳಗಿತ್ತು, ಮುಖ ಕಾಣ್ತಿತ್ತು. ಗುದ್ದಿದೆ. ಆಮೇಲೆ ಸೆಳೆತ ಎಳ್ಕೊಂಡು ಹೋಯ್ತು, ಕಾಣ್ಲಿಲ್ಲ.”

ಅವನ ಎಡಗೈಯ ಎರಡು ಗೆಣ್ಣು ಸೊಟ್ಟಗಿದ್ದವು. ಅವು ಹೇಗೆ ಮುರಿದವು ಎಂದು ಔದ್ರೆ ಎಂದೂ ಕೇಳಿರಲಿಲ್ಲ. ಅವಳು ನೀರನ್ನು ನೋಡಿದಳು. ಅಲ್ಲಿಂದಾಚೆ ಯಾವ ದಂಡೆಯೂ ಕಾಣುತ್ತಿರಲಿಲ್ಲ, ಯಾರ ಒಲೆಯ ಹೊಗೆಯೂ ಇರಲಿಲ್ಲ. ಬೆಳಗ್ಗೆ ಚಪ್ಪರದಲ್ಲಿ ಹತ್ತಿಕೊಂಡಿದ್ದ ಆಸೆಗೆ ಇಲ್ಲಿ ಕಾಲಿಡಲು ಜಾಗವಿರಲಿಲ್ಲ.

“ಇದು ಮೆಲ್ದೆಗೆ ಗೊತ್ತಾ?”

“ಮೊದಲನೇ ಕಲ್ಲು ಒಡೆದ ದಿನವೇ ಕೇಳಿದ್ಲು. ನೀವು ಕೂತಿರೋ ಜಾಗದಲ್ಲೇ ಕೂತ್ಕೊಂಡು.”

“ಕೇಳಿ ಏನಂದ್ಲು?”

ಸ್ಕೌದ ಹುಟ್ಟಿನ ನೀರು ಕೊಡವಿದ. “ಅತ್ತೆಗೆ ಹೇಳ್ಬೇಡಿ ಅಂದ್ಲು. ಕಲ್ಲು ಯಾಕೆ ಒಡೀತು ಅಂತ ನನಗೆ ಗೊತ್ತು, ನಾನು ಅವರ ಕೈ ನೋಡ್ತಾ ಇದ್ದೆ ಅಂದ್ಲು. ಅವರಿಗೆ ಯಾವಾಗ ಆಗುತ್ತೋ ಆಗ ಹೇಳ್ಲಿ, ಅಲ್ಲೀವರೆಗೆ ನಾನು ಎಳೀತೀನಿ ಅಂದ್ಲು.”

ಔದ್ರೆ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಳು. ಅಂಗೈಯ ರಕ್ತ ಮರಕ್ಕೆ ಅಂಟಿಕೊಂಡಿತು. ಅವಳಿಗೆ ಅಳು ಬರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ಹುಡುಗಿಯ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು.

“ನನ್ನ ಮಗ ಸತ್ತ,” ಎಂದಳು.

ಹಿಂದಿದ್ದ ಆಳು ಮೆಲ್ಲಗೆ, “ಕಲ್ಲು ಒಪ್ಪಲಿಲ್ವಲ್ಲ ಅಜ್ಜಿ,” ಎಂದ.

“ಕಲ್ಲಿಗೇನು ಗೊತ್ತು? ಹೆತ್ತವಳು ನಾನು. ನಾನು ಹೇಳ್ತಿದ್ದೀನಿ, ನೀವು ಆರು ಜನ ಕೇಳಿಸ್ಕೊಳ್ಳಿ. ವಿಲ್ನಿ ಇಲ್ಲೇ ಸತ್ತ. ಈ ಜಾಗಕ್ಕೆ ಬೇರೆ ಯಾರನ್ನಾದ್ರೂ ಕೂರಿಸು ಸ್ಕೌದ. ನನ್ನ ಸೊಸೆ ಇನ್ನು ಬರಲ್ಲ.”

ಗಂಡಸರು ಒಬ್ಬೊಬ್ಬರಾಗಿ ತಲೆಯ ತುಪ್ಪಳದ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಸ್ಕೌದ ಟೋಪಿಯನ್ನು ಮುಖಕ್ಕೆ ಒತ್ತಿ ಹಿಡಿದಿದ್ದ, ಬಹಳ ಹೊತ್ತು ತೆಗೆಯಲಿಲ್ಲ. ಮೂರು ವರ್ಷ ಅವನೂ ಆ ಮಾತನ್ನು ಹೊತ್ತುಕೊಂಡಿದ್ದ. ಕೊನೆಗೆ ಮೂಗು ಒರೆಸಿಕೊಂಡು ಕೇಳಿದ.

“ತಿರುಗಿಸ್ಲಾ ಅತ್ತಿಗೆ? ಮನೆಗೆ ಬಿಟ್ಟು ಬರ್ತೀನಿ. ಅವಳಿಗೂ ಹೇಳ್ಬಹುದು.”

“ಬೇಡ. ಈಗಷ್ಟೇ ಮಲಗಿರ್ತಾಳೆ.” ಔದ್ರೆ ಹುಟ್ಟನ್ನು ನೀರಿಗೆ ಇಳಿಸಿದಳು. “ನಡೀರಿ. ಅವಳು ನಿದ್ದೆ ಮುಗಿಸ್ಲಿ.”